ದೊಡ್ಡ ಒಪೆರಾ ಹೌಸಿನಲ್ಲಿ ಸೀಟು ಆರಿಸುವ ಬಗೆ: ನ್ಯೂಯಾರ್ಕಿನ ‘ಮೆಟ್’ಗೆ ಹೋಗುವವರಿಗೊಂದು ಮಾರ್ಗದರ್ಶಿ

ಒಪೆರಾ ಎಂದರೆ ವಾದ್ಯವೃಂದದೊಡನೆ ಹಾಡುತ್ತಲೇ ಕತೆಯನ್ನು ಆಡಿ ತೋರಿಸುವ ಪಾಶ್ಚಾತ್ಯ ಸಂಗೀತನಾಟಕ. ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿರುವ ಮೆಟ್ರೊಪಾಲಿಟನ್ ಒಪೆರಾ ಹೌಸನ್ನು ಅಲ್ಲಿಯವರು ‘ಮೆಟ್’ ಎಂದಷ್ಟೇ ಕರೆಯುತ್ತಾರೆ. 1966ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದ ಈ ಕಟ್ಟಡದಲ್ಲಿ ಸುಮಾರು 3,800 ಆಸನಗಳಿವೆ. ರಂಗದ ಚೌಕಟ್ಟೇ 54 ಅಡಿ ಅಗಲ, 54 ಅಡಿ ಎತ್ತರವಿದೆ. ಇಷ್ಟು ದೊಡ್ಡ ಸಭಾಂಗಣದಲ್ಲಿ ಒಂದೇ ಬೆಲೆಯ ಎರಡು ಸೀಟುಗಳ ನಡುವೆಯೂ ಬಹಳ ವ್ಯತ್ಯಾಸವಿರಬಹುದು, ಆದರೆ ಟಿಕೆಟ್ ಕೊಳ್ಳುವಾಗ ಕಾಣುವ ನಕ್ಷೆಯಲ್ಲಿ ಎಲ್ಲವೂ ಒಂದೇ ಗಾತ್ರದ ಚುಕ್ಕಿಗಳಾಗಿರುತ್ತವೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ಒಮ್ಮೆಯಾದರೂ ಇಲ್ಲಿಗೆ ಕರೆದೊಯ್ಯಬೇಕೆಂದುಕೊಳ್ಳುವುದುಂಟು. ಹಾಗೆ ಮೊದಲ ಸಲ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

ಮೊದಲ ಹಂತ: ಕಿವಿ ಮುಖ್ಯವೋ, ಕಣ್ಣು ಮುಖ್ಯವೋ ನಿರ್ಧರಿಸಿಕೊಳ್ಳಿ

ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ ಕಛೇರಿ ಕೇಳಿ ರೂಢಿಯಾದವರು ಮೊದಲಿಗೆ ತಿಳಿಯಬೇಕಾದ ಸಂಗತಿಯೆಂದರೆ ಒಪೆರಾದಲ್ಲಿ ಗಾಯಕರಿಗೆ ಮೈಕು ಇರುವುದಿಲ್ಲ. ನಮ್ಮ ಸಭಾಂಗಣಗಳಲ್ಲಿ ಧ್ವನಿವರ್ಧಕದ ಮೂಲಕ ಬರುವ ದನಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಲುಪುವುದರಿಂದ ಎಲ್ಲಿ ಕೂರುತ್ತೇವೆ ಎಂಬುದು ಮುಖ್ಯವಾಗಿ ನೋಟದ ಪ್ರಶ್ನೆಯಾಗಿರುತ್ತದೆ. ಮೆಟ್‌ನಲ್ಲಿ ಹಾಗಲ್ಲ. ಅಲ್ಲಿ ಗಾಯಕನ ಕಂಠದಿಂದ ಹೊರಟ ದನಿ ತುಂಬಿದ ವಾದ್ಯವೃಂದವನ್ನು ದಾಟಿ, ಗೋಡೆ ಮತ್ತು ಚಾವಣಿಗಳಿಗೆ ತಾಗಿ, ಪ್ರತಿಫಲಿಸಿ ನಿಮ್ಮನ್ನು ಸೇರಬೇಕು. ಆದ್ದರಿಂದ ನೀವು ಕೂರುವ ಜಾಗವೇ ನಿಮಗೆ ಕೇಳಿಸುವ ಸಂಗೀತವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನುರಿತ ಒಪೆರಾ ಗಾಯಕರ ದನಿಯಲ್ಲಿ ಸುಮಾರು 3,000 ಹರ್ಟ್ಸ್ (ಸೆಕೆಂಡಿಗೆ 3,000 ಕಂಪನ) ಆಸುಪಾಸಿನ ಸ್ವರಾಂಶಗಳು ವಿಶೇಷವಾಗಿ ಪ್ರಬಲವಾಗಿರುತ್ತವೆ, ವಾದ್ಯಗಳ ನಾದ ಶ್ರುತಿಯ ಆ ಎತ್ತರದಲ್ಲಿ ಕ್ಷೀಣವಾಗಿರುವುದರಿಂದ ದನಿ ಅವುಗಳ ನಡುವೆ ದಾರಿ ಮಾಡಿಕೊಂಡು ಬರುತ್ತದೆ. ಆದರೆ ಎತ್ತರದ ಈ ಸ್ವರಾಂಶಗಳು ಬಾಯಿ ತಿರುಗಿದ ದಿಕ್ಕಿಗೇ ಹೆಚ್ಚಾಗಿ ಹರಿಯುತ್ತವೆ. ಗಾಯಕರು ಬಹುಪಾಲು ಸಭೆಯ ನಡುಭಾಗಕ್ಕೆ ಮುಖಮಾಡಿ ಹಾಡುತ್ತಾರೆ. ಪಕ್ಕದ ತುದಿಯಲ್ಲಿ ಕುಳಿತವರಿಗೆ ದನಿ ಕೇಳುತ್ತದೆ, ಅದರ ಹೊಳಪು ಮಾತ್ರ ಕಡಿಮೆಯಾಗಿರುತ್ತದೆ. ಹೀಗಾಗಿ ಕಿವಿಯೇ ಮುಖ್ಯವೆನ್ನುವವರು ದೂರವಾದರೂ ಚಿಂತೆಯಿಲ್ಲವೆಂದು ನಡುಭಾಗವನ್ನು ಹಿಡಿಯಬೇಕು. ನಟರ ಮುಖಭಾವ, ಉಡುಗೆತೊಡುಗೆ, ರಂಗಸಜ್ಜಿಕೆಯ ಕುಸುರಿ ಮುಖ್ಯವೆನ್ನುವವರು ನೆಲಮಟ್ಟದಲ್ಲಿ ಹತ್ತಿರದ ಸಾಲುಗಳಿಗೆ ಹೆಚ್ಚು ಹಣ ಕೊಡಲು ಸಿದ್ಧರಾಗಬೇಕು. ಎರಡೂ ಒಟ್ಟಿಗೆ ದೊರೆಯುವ ಸೀಟುಗಳಿವೆ, ಆದರೆ ಅವು ಕೆಲವೇ ಇವೆ ಮತ್ತು ದುಬಾರಿ.

ಎರಡನೆಯ ಹಂತ: ಅಂತಸ್ತುಗಳನ್ನು ಗುರುತಿಸಿ

ಮೆಟ್‌ನ ಆಸನಗಳು ಆರು ಮಟ್ಟಗಳಲ್ಲಿವೆ. ಕೆಳಗಿನಿಂದ ಮೇಲಕ್ಕೆ ಅವುಗಳ ಹೆಸರು ಆರ್ಕೆಸ್ಟ್ರಾ, ಪಾರ್ಟೇರ್, ಗ್ರ್ಯಾಂಡ್ ಟಿಯರ್, ಡ್ರೆಸ್ ಸರ್ಕಲ್, ಬಾಲ್ಕನಿ ಮತ್ತು ಫ್ಯಾಮಿಲಿ ಸರ್ಕಲ್. ನಕ್ಷೆಯಲ್ಲಿ ಆರ್ಕೆಸ್ಟ್ರಾ ಎಂದು ಬರೆದಿರುವುದು ವಾದಕರು ಕೂರುವ ಜಾಗವಲ್ಲ, ನೆಲಮಟ್ಟದ ಪ್ರೇಕ್ಷಕರ ಆಸನಗಳು. ವಾದಕರು ಇರುವುದು ಅದರ ಮುಂದಿನ ತಗ್ಗಿನಲ್ಲಿ, ಅದನ್ನು ಪಿಟ್ ಎನ್ನುತ್ತಾರೆ. ಪಾರ್ಟೇರ್ ಮಟ್ಟವಿಡೀ ಬಾಕ್ಸುಗಳದು, ಎಂದರೆ ಕೆಲವೇ ಕುರ್ಚಿಗಳಿರುವ ಚಿಕ್ಕ ಚಿಕ್ಕ ಗೂಡುಗಳದು. ಅದರ ಮೇಲಿನ ಮಟ್ಟಗಳಲ್ಲಿ ನಡುಭಾಗದಲ್ಲಿ ಸಾಲು ಆಸನಗಳೂ ಎರಡು ಪಕ್ಕಗಳಲ್ಲಿ ರಂಗದ ಕಡೆಗೆ ಚಾಚಿಕೊಂಡ ಬಾಕ್ಸುಗಳೂ ಇವೆ.

ಮೂರನೆಯ ಹಂತ: ನೆಲಮಟ್ಟದಲ್ಲಾದರೆ ಸಾಲನ್ನು ಎಚ್ಚರದಿಂದ ಆರಿಸಿ

ನಮ್ಮಲ್ಲಿ ಮುಂದಿನ ಸಾಲು ಗಣ್ಯರದು. ಹೀಗಾಗಿ ಮುಂದೆ ಕೂರುವುದೇ ಉತ್ತಮವೆಂಬ ಭಾವನೆ ಬೇರೂರಿದೆ, ಹಣವಿದ್ದವರು ಮೊದಲ ಸಾಲನ್ನೇ ಹುಡುಕುತ್ತಾರೆ. ಒಪೆರಾದಲ್ಲಿ ಮೊದಲ ಎರಡು ಮೂರು ಸಾಲುಗಳು ಅಷ್ಟೇನೂ ಒಳ್ಳೆಯವಲ್ಲ. ಪಿಟ್‌ನಲ್ಲಿರುವ ಹತ್ತಾರು ವಾದ್ಯಗಳ ನಾದ ನೇರವಾಗಿ ಎದುರಿಗೆ ಎದ್ದು ನಿಲ್ಲುತ್ತದೆ, ಗಾಯನ ಅದರ ಹಿಂದಿನಿಂದ ಬರುತ್ತದೆ. ಕುಳಿತ ಪಕ್ಕದಲ್ಲಿ ಹಿತ್ತಾಳೆಯ ವಾದ್ಯಗಳಿದ್ದರೆ ಗಾಯನ ಮತ್ತು ತಂತಿವಾದ್ಯಗಳ ಹದ ಇನ್ನಷ್ಟು ತಪ್ಪುತ್ತದೆ. ರಂಗ ಎತ್ತರದಲ್ಲಿರುವುದರಿಂದ ಕತ್ತನ್ನು ಮೇಲೆತ್ತಿ ನೋಡಬೇಕಾಗುತ್ತದೆ, ರಂಗದ ಹಿಂಭಾಗದಲ್ಲಿರುವ ನಟರ ಪಾದಗಳು ಕಾಣುವುದಿಲ್ಲ. ರಂಗದ ಮುಂದಿನ ಅಂಚಿನ ನಡುವೆ, ಗಾಯಕರಿಗೆ ಹಾಡಿನ ಸಾಲುಗಳನ್ನು ನೆನಪಿಸುವ ಪ್ರಾಂಪ್ಟರ್ ಕೂರುವ ಚಿಕ್ಕ ಗೂಡೊಂದಿದೆ, ಅದೂ ಮುಂದಿನವರ ನೋಟಕ್ಕೆ ಸ್ವಲ್ಪ ಅಡ್ಡವಾಗುತ್ತದೆ. ವಾದಕರನ್ನೂ ಅವರನ್ನು ನಡೆಸುವ ಕಂಡಕ್ಟರನ್ನೂ ಹತ್ತಿರದಿಂದ ನೋಡುವ ಆಸೆಯುಳ್ಳ ಸಂಗೀತಗಾರರಿಗೆ ಈ ಸಾಲುಗಳು ಹಿಡಿಸಬಹುದು. ಮೊದಲ ಸಲ ಬರುವವರಿಗೆ ನಾನು ಇವನ್ನು ಸೂಚಿಸುವುದಿಲ್ಲ.

ನೆಲಮಟ್ಟದಲ್ಲಿ ಅತಿ ಹೆಚ್ಚು ಬೆಲೆಯ ಸೀಟುಗಳು ಅದಕ್ಕಿಂತ ಸ್ವಲ್ಪ ಹಿಂದೆ, ನಡುಗುಂಪಿನಲ್ಲಿವೆ. ಅಲ್ಲಿ ಬೆಲೆಗೆ ತಕ್ಕ ಫಲ ಉಂಟು: ಮುಖಭಾವ ಬರಿಗಣ್ಣಿಗೆ ಕಾಣುತ್ತದೆ, ಗಾಯನವೂ ವಾದ್ಯವೃಂದವೂ ಹದವಾಗಿ ಬೆರೆತಿರುತ್ತವೆ. ಆದರೆ ಈ ಮಹಡಿಯ ಇಳಿಜಾರು ಕಡಿಮೆ. ಮುಂದೆ ಎತ್ತರದ ವ್ಯಕ್ತಿಯೊಬ್ಬರು ಕುಳಿತರೆ ಸಾವಿರಾರು ರೂಪಾಯಿ ತೆತ್ತೂ ರಂಗದ ನಡುಭಾಗ ಮರೆಯಾದೀತು. ನಿಮ್ಮ ಜೊತೆಗಿರುವವರು ಕುಳ್ಳಗಿದ್ದರೆ, ಮಕ್ಕಳಿದ್ದರೆ, ಅದೇ ಹಣದಲ್ಲಿ ಗ್ರ್ಯಾಂಡ್ ಟಿಯರ್‌ನ ಮುಂದಿನ ಸಾಲುಗಳನ್ನು ಆರಿಸುವುದು ಜಾಣತನ. ಅಲ್ಲಿ ಒಂದು ಸಾಲಿಗಿಂತ ಅದರ ಹಿಂದಿನ ಸಾಲು ಸಾಕಷ್ಟು ಎತ್ತರದಲ್ಲಿರುತ್ತದೆ.

ನಿಜವಾಗಿ ದೂರವಿಡಬೇಕಾದದ್ದು ನೆಲಮಟ್ಟದ ಕೊನೆಯ ಹಲವು ಸಾಲುಗಳನ್ನು. ಅವುಗಳ ಮೇಲೆ ಪಾರ್ಟೇರ್ ಮಟ್ಟ ಮಾಡಿನಂತೆ ಚಾಚಿಕೊಂಡಿದೆ. ಚಾವಣಿಯಿಂದ ಪ್ರತಿಫಲಿಸಿ ಬರುವ ನಾದ ಈ ಮಾಡಿನ ಕೆಳಗೆ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ಸಂಗೀತ ದೂರದ ಕೋಣೆಯಿಂದ ಬಂದಂತೆ ಮಂಕಾಗಿ ಕೇಳುತ್ತದೆ, ರಂಗದ ಚೌಕಟ್ಟಿನ ಮೇಲ್ಭಾಗವೂ ಕತ್ತರಿಸಿದಂತಾಗುತ್ತದೆ. ನಕ್ಷೆಯಲ್ಲಿ ಇವೂ ನೆಲಮಟ್ಟದ ನಡುವಿನ ಸೀಟುಗಳಾಗಿಯೇ ಕಾಣುವುದರಿಂದ ಬಹಳ ಮಂದಿ ಇಲ್ಲೇ ಮೋಸಹೋಗುತ್ತಾರೆ. ಇದೇ ಮಾತು ಮೇಲಿನ ಪ್ರತಿ ಮಟ್ಟಕ್ಕೂ ಅನ್ವಯಿಸುತ್ತದೆ: ಯಾವ ಮಟ್ಟವಾದರೂ ಮುಂದಿನ ಸಾಲುಗಳ ಮೇಲೆ ತೆರೆದ ಜಾಗವಿರುತ್ತದೆ, ಹಿಂದಿನ ಸಾಲುಗಳ ಮೇಲೆ ಮೇಲಿನ ಮಟ್ಟದ ತಳವಿರುತ್ತದೆ. ಮೇಲೆ ಏನೂ ಇಲ್ಲದಿರುವುದು ತುತ್ತತುದಿಯ ಫ್ಯಾಮಿಲಿ ಸರ್ಕಲ್‌ಗೆ ಮಾತ್ರ.

ನಾಲ್ಕನೆಯ ಹಂತ: ಪಕ್ಕದ ಬಾಕ್ಸುಗಳ ಆಕರ್ಷಣೆಯನ್ನು ತಡೆದುಕೊಳ್ಳಿ

ಬಾಕ್ಸಿನಲ್ಲಿ ಕುಳಿತು ಒಪೆರಾ ನೋಡುವುದೆಂದರೆ ರಾಜವೈಭವವೆಂದು ಅನೇಕರು ತಿಳಿದಿದ್ದಾರೆ. ಈ ವೈಭವದ ಹಿನ್ನೆಲೆ ಬೇರೆ. 1883ರಲ್ಲಿ ಬ್ರಾಡ್‌ವೇಯಲ್ಲಿ ತೆರೆದ ಹಳೆಯ ಮೆಟ್ ಕಟ್ಟಡದಲ್ಲಿ ಕುದುರೆಲಾಳದ ಆಕಾರದ ಬಾಕ್ಸುಗಳ ಸಾಲು ಇದ್ದದ್ದು ನಗರದ ಸಿರಿವಂತ ಕುಟುಂಬಗಳಿಗಾಗಿ, ಅವರು ರಂಗವನ್ನು ನೋಡುವುದಕ್ಕಿಂತ ಪರಸ್ಪರ ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ಹೆಚ್ಚು ಅನುಕೂಲವಾಗುವಂತೆ. ಯುರೋಪಿನ ಹಳೆಯ ಮಂದಿರಗಳ ಕತೆಯೂ ಅದೇ. ಇಂದಿನ ಮೆಟ್ ಕಟ್ಟಡದಲ್ಲಿಯೂ ಆ ವಿನ್ಯಾಸದ ಛಾಯೆ ಉಳಿದಿದೆ.

ಎದುರಿಗೆ, ನಡುವಿನಲ್ಲಿರುವ ಪಾರ್ಟೇರ್ ಬಾಕ್ಸುಗಳು ಅತ್ಯುತ್ತಮ, ಅವುಗಳ ಬೆಲೆಯೂ ಹಾಗೆಯೇ ಇದೆ. ಪಕ್ಕಕ್ಕೆ ಸರಿದಷ್ಟೂ ತೊಂದರೆ ಹೆಚ್ಚುತ್ತದೆ. ಎಡತುದಿಯಲ್ಲಿ ಕುಳಿತವರಿಗೆ ರಂಗದ ಎಡಭಾಗ, ಬಲತುದಿಯಲ್ಲಿ ಕುಳಿತವರಿಗೆ ಬಲಭಾಗ ಮರೆಯಾಗುತ್ತದೆ. ಅಂದರೆ ಹತ್ತಿರವಿರುವುದೇ ಕಾಣದು. ಒಂದೇ ಬಾಕ್ಸಿನೊಳಗೂ ಮುಂದಿನ ಕುರ್ಚಿಗೂ ಹಿಂದಿನ ಕುರ್ಚಿಗೂ ಅಜಗಜಾಂತರ. ಹಿಂದೆ ಕುಳಿತವರು ನೋಡಬೇಕಾದರೆ ಎದ್ದು ನಿಲ್ಲಬೇಕು ಅಥವಾ ಮೂರು ಗಂಟೆ ಮೈ ಬಾಗಿಸಿಕೊಂಡಿರಬೇಕು. ಟಿಕೆಟ್ ಪುಟದಲ್ಲಿ ‘ಪಾರ್ಶಿಯಲ್ ವ್ಯೂ’ ಎಂಬ ಸೂಚನೆ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅನಿವಾರ್ಯವಾದರೆ ಬಾಕ್ಸಿನ ಮುಂದಿನ ಕುರ್ಚಿಯನ್ನೇ, ಅದರಲ್ಲಿಯೂ ನಡುಭಾಗಕ್ಕೆ ಹತ್ತಿರವಿರುವ ಬಾಕ್ಸನ್ನೇ ಆರಿಸಿ. ಕತೆಯನ್ನು ಮೊದಲೇ ಬಲ್ಲವರು, ಒಂದೇ ಒಪೆರಾವನ್ನು ಮತ್ತೆ ಮತ್ತೆ ಕೇಳುವವರು ಕಡಿಮೆ ಬೆಲೆಗಾಗಿ ಇಂತಹ ಸೀಟುಗಳನ್ನು ತಿಳಿದೇ ಕೊಳ್ಳುತ್ತಾರೆ. ಅವರ ಲೆಕ್ಕಾಚಾರ ಹೊಸಬರಿಗೆ ಹೊಂದುವುದಿಲ್ಲ.

ಐದನೆಯ ಹಂತ: ಮೇಲಿನ ನಡುಭಾಗವನ್ನು ಗಂಭೀರವಾಗಿ ಪರಿಗಣಿಸಿ

ಮೆಟ್‌ಗೆ ವರ್ಷಾನುಗಟ್ಟಲೆ ಹೋಗುವವರನ್ನು ಕೇಳಿದರೆ, ನಾದ ಚೆನ್ನಾಗಿ ಕೇಳುವುದು ಮೇಲೆಯೇ ಎಂದು ಹೇಳುವವರು ಅನೇಕರು ಸಿಗುತ್ತಾರೆ. ನಾದ ಮೇಲಕ್ಕೇರಿ ಚಾವಣಿಯ ಆಸರೆಯಲ್ಲಿ ಒಂದುಗೂಡುವುದರಿಂದ ಬಾಲ್ಕನಿಯ ಮುಂದಿನ ಸಾಲುಗಳಲ್ಲಿ ಮತ್ತು ಫ್ಯಾಮಿಲಿ ಸರ್ಕಲ್‌ನಲ್ಲಿ ಗಾಯನ ಅಚ್ಚರಿಪಡುವಷ್ಟು ಸ್ಪಷ್ಟವಾಗಿ, ವಾದ್ಯಗಳೊಡನೆ ಸಮತೂಕದಲ್ಲಿ ಕೇಳುತ್ತದೆ. ಬೆಲೆ ನೆಲಮಟ್ಟದ ಒಳ್ಳೆಯ ಸೀಟಿನ ಒಂದು ಸಣ್ಣ ಪಾಲು ಮಾತ್ರ. ನನ್ನ ದೃಷ್ಟಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ದಕ್ಕುವುದು ಡ್ರೆಸ್ ಸರ್ಕಲ್‌ನ ನಡುವಿನ ಮುಂದಿನ ಸಾಲುಗಳಲ್ಲಿ, ಅದು ಸಿಗದಿದ್ದರೆ ಬಾಲ್ಕನಿಯ ನಡುವಿನ ಮುಂದಿನ ಸಾಲುಗಳಲ್ಲಿ.

ಎತ್ತರದಲ್ಲಿ ಕೂರುವುದರಿಂದ ಇನ್ನೆರಡು ಅನುಕೂಲಗಳಿವೆ. ಒಪೆರಾದ ಸಾಹಿತ್ಯ ಇಟಾಲಿಯನ್, ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿರುವುದರಿಂದ 1995ರಿಂದ ಮೆಟ್‌ನಲ್ಲಿ ಪ್ರತಿ ಪ್ರೇಕ್ಷಕನ ಎದುರಿಗೂ, ಮುಂದಿನ ಸೀಟಿನ ಬೆನ್ನಿನಲ್ಲಿ, ಅನುವಾದ ತೋರಿಸುವ ಸಣ್ಣ ಪರದೆ ಇದೆ. ಗುಂಡಿ ಒತ್ತಿದರೆ ಅದು ಇಂಗ್ಲಿಷಿನಲ್ಲಿಯೂ ಬೇರೆ ಕೆಲವು ಭಾಷೆಗಳಲ್ಲಿಯೂ ಸಾಲುಗಳನ್ನು ತೋರಿಸುತ್ತದೆ. ನೆಲಮಟ್ಟದಲ್ಲಿ ಕುಳಿತವರು ರಂಗಕ್ಕಾಗಿ ತಲೆ ಮೇಲೆತ್ತಿ, ಸಾಲಿಗಾಗಿ ಕಣ್ಣು ಕೆಳಗಿಳಿಸುತ್ತಲೇ ಇರಬೇಕು. ಮೇಲಿನ ಮಟ್ಟಗಳಲ್ಲಿ ರಂಗವೂ ಕೆಳಗೇ ಇರುವುದರಿಂದ ಪರದೆ ಮತ್ತು ರಂಗ ಒಂದೇ ನೋಟದ ದಾರಿಯಲ್ಲಿ ಬರುತ್ತವೆ, ಓದುವುದೂ ನೋಡುವುದೂ ಸರಾಗವಾಗುತ್ತದೆ. ಎರಡನೆಯದಾಗಿ, ದೊಡ್ಡ ಮೇಳಗಾಯನದ ದೃಶ್ಯಗಳಲ್ಲಿ ಗುಂಪುಗಳು ಹೇಗೆ ಚಲಿಸುತ್ತವೆ, ರಂಗವನ್ನು ಹೇಗೆ ತುಂಬುತ್ತವೆ ಎಂಬ ವಿನ್ಯಾಸ ಮೇಲಿನಿಂದ ಮಾತ್ರ ಪೂರ್ತಿಯಾಗಿ ಕಾಣುತ್ತದೆ. ಆಟ ಶುರುವಾಗುವ ಮುನ್ನ, ಆಸ್ಟ್ರಿಯಾ ದೇಶ ಕಾಣಿಕೆಯಾಗಿ ಕೊಟ್ಟ ನಕ್ಷತ್ರಾಕಾರದ ಗಾಜಿನ ದೀಪಗುಚ್ಛಗಳು ಮೆಲ್ಲನೆ ಚಾವಣಿಯ ಕಡೆಗೆ ಏರುವುದನ್ನು ಮಕ್ಕಳು ತಪ್ಪದೆ ಮೆಚ್ಚುತ್ತಾರೆ. ಅದಕ್ಕೂ ಮೇಲಿನ ಮಟ್ಟಗಳೇ ಹತ್ತಿರ.

ಕೊರತೆಗಳನ್ನೂ ಹೇಳಬೇಕು. ಮುಖಗಳು ಬಹಳ ಚಿಕ್ಕವಾಗಿ ಕಾಣುತ್ತವೆ, ಬೈನಾಕ್ಯುಲರ್ ಇಲ್ಲದೆ ಬಾಲ್ಕನಿಗಿಂತ ಮೇಲೆ ಹೋಗಬೇಡಿ. ಒಪೆರಾ ಗ್ಲಾಸ್ ಎಂದು ಮಾರುವ ಅಲಂಕಾರದ ಪುಟ್ಟ ದುರ್ಬೀನು ಸಾಮಾನ್ಯವಾಗಿ ಮೂರರಷ್ಟು ಮಾತ್ರ ದೊಡ್ಡದಾಗಿ ತೋರಿಸುತ್ತದೆ. ಅಷ್ಟು ಎತ್ತರಕ್ಕೆ ಹಕ್ಕಿ ನೋಡುವವರು ಬಳಸುವ ಏಳು ಅಥವಾ ಎಂಟರಷ್ಟು ಶಕ್ತಿಯ ಹಗುರವಾದ ಬೈನಾಕ್ಯುಲರ್ ಹೆಚ್ಚು ಉಪಯುಕ್ತ. ಫ್ಯಾಮಿಲಿ ಸರ್ಕಲ್‌ನ ಮೆಟ್ಟಿಲುಗಳು ತೀರಾ ಕಡಿದಾಗಿವೆ. ಎತ್ತರಕ್ಕೆ ಅಂಜುವವರಿಗೆ, ಮಂಡಿನೋವಿರುವ ಹಿರಿಯರಿಗೆ ಅದು ತಕ್ಕದ್ದಲ್ಲ, ಲಿಫ್ಟ್ ಇದ್ದರೂ ಸಾಲಿನವರೆಗಿನ ಮೆಟ್ಟಿಲುಗಳನ್ನು ಇಳಿಯಲೇಬೇಕು. ಯಾವುದೇ ಮಟ್ಟದ ಮೊಟ್ಟಮೊದಲ ಸಾಲಿನ ಮುಂದೆ ರಕ್ಷಣೆಯ ಕಂಬಿ ಇರುತ್ತದೆ, ಕುಳ್ಳಗಿರುವವರ ಕಣ್ಣಿಗೆ ಅದು ನೇರವಾಗಿ ಅಡ್ಡಬರಬಹುದು. ಅಂಥವರು ಎರಡನೆಯ ಅಥವಾ ಮೂರನೆಯ ಸಾಲನ್ನು ಕೊಳ್ಳುವುದು ಮೇಲು. ಕಂಬಿ ತಪ್ಪಿಸಲು ಮುಂದಕ್ಕೆ ಬಾಗಿದರೆ ಹಿಂದಿರುವ ಎಲ್ಲರ ನೋಟ ಕೆಡುತ್ತದೆ, ಅಲ್ಲಿಯ ಪ್ರೇಕ್ಷಕರು ಇದನ್ನು ಸಹಿಸುವುದಿಲ್ಲ.

ಫ್ಯಾಮಿಲಿ ಸರ್ಕಲ್‌ನ ಪಕ್ಕದಲ್ಲಿ ‘ಸ್ಕೋರ್ ಡೆಸ್ಕ್’ ಎಂಬ ಕೆಲವು ಜಾಗಗಳಿವೆ. ಅಲ್ಲಿ ಮೇಜು ಮತ್ತು ಸಣ್ಣ ದೀಪ ಇರುತ್ತವೆ, ರಂಗ ಕಾಣುವುದಿಲ್ಲ. ಸ್ವರಲಿಪಿಯ ಪುಸ್ತಕವನ್ನು ಬಿಡಿಸಿಟ್ಟುಕೊಂಡು ಸಂಗೀತವನ್ನು ಅನುಸರಿಸುವ ವಿದ್ಯಾರ್ಥಿಗಳಿಗಾಗಿ ಇರುವ ಜಾಗವದು. ಅತಿ ಅಗ್ಗವೆಂದು ತಿಳಿಯದೆ ಕೊಂಡುಬಿಡಬೇಡಿ.

ಆರನೆಯ ಹಂತ: ಆ ದಿನದ ಒಪೆರಾ ಯಾವುದೆಂದು ನೋಡಿ

ಎಲ್ಲ ಒಪೆರಾಗಳಿಗೂ ಒಂದೇ ಸೀಟು ಹೊಂದುವುದಿಲ್ಲ. ಇಟಲಿಯ ಸಂಯೋಜಕ ಪುಚಿನಿಯ ‘ಲಾ ಬೊಹೆಮ್’ ಒಪೆರಾವನ್ನು ಮೆಟ್, ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಅವರು 1981ರಲ್ಲಿ ರೂಪಿಸಿದ ರಂಗಸಜ್ಜಿಕೆಯಲ್ಲಿ ದಶಕಗಳಿಂದ ಆಡುತ್ತ ಬಂದಿದೆ. ಅದರ ಎರಡನೆಯ ಅಂಕದಲ್ಲಿ ಪ್ಯಾರಿಸಿನ ಬೀದಿ ಮೇಲೊಂದು, ಕೆಳಗೊಂದು ಎಂದು ಎರಡು ಮಟ್ಟಗಳಲ್ಲಿ ತೆರೆದುಕೊಂಡು ಇನ್ನೂರಕ್ಕೂ ಹೆಚ್ಚು ಜನ ರಂಗದ ಮೇಲಿರುತ್ತಾರೆ. ನೆಲಮಟ್ಟದ ಕೊನೆಯಲ್ಲಿ, ಮಾಡಿನ ಕೆಳಗೆ ಕುಳಿತವರು ಆ ದೃಶ್ಯದ ಎತ್ತರವನ್ನೇ ಕಳೆದುಕೊಳ್ಳುತ್ತಾರೆ. ಅದೇ ಜೆಫಿರೆಲ್ಲಿ ರೂಪಿಸಿದ ‘ತುರಂದೋತ್’ ನೋಡುವಾಗಲೂ ಗ್ರ್ಯಾಂಡ್ ಟಿಯರ್ ಅಥವಾ ಡ್ರೆಸ್ ಸರ್ಕಲ್ ಎತ್ತರವೇ ಸೊಗಸು. ಮೊಜಾರ್ಟನ ‘ಫಿಗಾರೋನ ಮದುವೆ’ಯಂತಹ ಹಾಸ್ಯಪ್ರಧಾನ ಕೃತಿಗಳಲ್ಲಿ ಹುಬ್ಬೇರಿಸುವುದು, ಕಣ್ಸನ್ನೆ ಮಾಡುವುದು ಎಲ್ಲವೂ ಕತೆಯ ಭಾಗ, ಸಾಧ್ಯವಾದರೆ ಅಲ್ಲಿ ಹತ್ತಿರ ಕೂರಬೇಕು. ಜರ್ಮನ್ ಸಂಯೋಜಕ ವಾಗ್ನರ್‌ನ ಹಲವು ಕೃತಿಗಳು ನಾಲ್ಕೈದು ಗಂಟೆ ನಡೆಯುತ್ತವೆ, ಕೆಲವು ಬಿಡುವು ಸೇರಿ ಆರು ಗಂಟೆಯನ್ನೂ ಮುಟ್ಟುತ್ತವೆ. ಅವಕ್ಕೆ ನಾದ ಚೆನ್ನಾಗಿರುವ, ಕಾಲು ಚಾಚಲು ಜಾಗವಿರುವ ಸೀಟೇ ಮುಖ್ಯ.

ನಮಗೆ ವಿಶೇಷವೆನಿಸುವ ಒಂದು ಉದಾಹರಣೆಯೂ ಇದೆ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರನ್ನು ಕುರಿತ, ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ ಒಪೆರಾ ಮೆಟ್‌ನಲ್ಲಿ 2008ರಲ್ಲಿಯೂ 2011ರಲ್ಲಿಯೂ ನಡೆಯಿತು. ಅದರ ಸಾಹಿತ್ಯವೆಲ್ಲ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳು. ಆ ಪ್ರಯೋಗದಲ್ಲಿ ಸೀಟಿನ ಬೆನ್ನಿನ ಪರದೆಯನ್ನು ಬಳಸದೆ, ಆಯ್ದ ಸಾಲುಗಳ ಇಂಗ್ಲಿಷ್ ಅನುವಾದವನ್ನು ರಂಗಸಜ್ಜಿಕೆಯ ಮೇಲೆಯೇ ಮೂಡಿಸಲಾಗುತ್ತಿತ್ತು. ಹೀಗೆ ರಂಗದ ಹಿನ್ನೆಲೆಯಲ್ಲಿ ಬರಹ, ಚಿತ್ರ, ವಿಡಿಯೊ ಮೂಡಿಸುವ ಪ್ರಯೋಗಗಳಲ್ಲಿ ಪಕ್ಕದ ಬಾಕ್ಸು ಕೊಂಡವರಿಗೆ ನೋಟದ ಜೊತೆಗೆ ಅರ್ಥವೂ ಅರ್ಧವಾಗಿಬಿಡುತ್ತದೆ. ಮೆಟ್‌ನ ಜಾಲತಾಣದಲ್ಲಿ ಪ್ರತಿ ಪ್ರಯೋಗದ ಚಿತ್ರಗಳಿರುತ್ತವೆ, ಟಿಕೆಟ್ ಕೊಳ್ಳುವ ಮುನ್ನ ಅವನ್ನು ನೋಡಿ ರಂಗದ ಎತ್ತರ, ಆಳಗಳನ್ನು ಹೇಗೆ ಬಳಸಿದ್ದಾರೆಂದು ಅಂದಾಜು ಮಾಡಿಕೊಳ್ಳಬಹುದು. ಶನಿವಾರ ಮಧ್ಯಾಹ್ನದ ಕೆಲವು ಆಟಗಳನ್ನು ಜಗತ್ತಿನ ಸಿನಿಮಾ ಮಂದಿರಗಳಿಗೆ ನೇರಪ್ರಸಾರ ಮಾಡಲಾಗುತ್ತದೆ. ಆ ದಿನಗಳಲ್ಲಿ ಸಭಾಂಗಣದೊಳಗೆ ಕ್ಯಾಮೆರಾಗಳಿರುತ್ತವೆ ಎಂಬುದು ತಿಳಿದಿರಲಿ.

ಏಳನೆಯ ಹಂತ: ಬೆಲೆ ಮತ್ತು ಕೊಳ್ಳುವ ವಿಧಾನ

ಒಂದೇ ಸೀಟಿಗೆ ದಿನದಿಂದ ದಿನಕ್ಕೆ ಬೇರೆ ಬೇರೆ ಬೆಲೆ ಇರುತ್ತದೆ. ಹೊಸ ಪ್ರಯೋಗದ ಮೊದಲ ರಾತ್ರಿ, ಹೆಸರಾಂತ ಗಾಯಕರು ಹಾಡುವ ದಿನ, ಶನಿವಾರ ಇವು ದುಬಾರಿ. ವಾರದ ನಡುವಿನ ಸಂಜೆಗಳಲ್ಲಿ ಅದೇ ಹಣಕ್ಕೆ ಒಂದು ಮಟ್ಟ ಉತ್ತಮವಾದ ಸೀಟು ಸಿಗುವುದುಂಟು. ಬೆಲೆಯ ವಲಯಗಳ ಗಡಿಯನ್ನು ನಕ್ಷೆಯಲ್ಲಿ ಗಮನಿಸಿ. ದುಬಾರಿ ವಲಯ ಮುಗಿದು ಅಗ್ಗದ ವಲಯ ಶುರುವಾಗುವ ಮೊದಲ ಸಾಲಿನಲ್ಲಿ ಸೀಟು ಸಿಕ್ಕರೆ ಅದರ ಮುಂದಿನ ಸಾಲಿಗಿಂತ ಅನುಭವದಲ್ಲಿ ಹೆಚ್ಚೇನೂ ಕಡಿಮೆಯಿಲ್ಲದೆ ಬೆಲೆಯಲ್ಲಿ ಉಳಿತಾಯವಾಗುತ್ತದೆ.

ಆಟದ ದಿನವೇ ಜಾಲತಾಣದಲ್ಲಿ ಬಿಡುವ 25 ಡಾಲರಿನ ‘ರಷ್’ ಟಿಕೆಟ್ಟುಗಳು ಬಹಳ ಅಗ್ಗ. ಆದರೆ ಅಲ್ಲಿ ಸೀಟನ್ನು ಆರಿಸುವ ಅವಕಾಶ ನಿಮಗಿರುವುದಿಲ್ಲ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಒಂಟಿಯಾಗಿ ಹೋಗುವವರಿಗೆ ಇದು ಚೆನ್ನ, ಹಿರಿಯರನ್ನು ಕರೆದೊಯ್ಯುವವರಿಗೆ ಸಲ್ಲದು. ನಿಂತು ನೋಡುವ ಜಾಗಗಳು ನೆಲಮಟ್ಟದ ಹಿಂಭಾಗದಲ್ಲಿಯೂ ಫ್ಯಾಮಿಲಿ ಸರ್ಕಲ್‌ನಲ್ಲಿಯೂ ಇವೆ.

ಹಿರಿಯರ ಜೊತೆ ಹೋಗುವಾಗ ಸಾಲಿನ ತುದಿಯ ಸೀಟನ್ನು ಕೇಳಿ. ಬಿಡುವಿನಲ್ಲಿ ಶೌಚಾಲಯದ ಸರತಿ ಉದ್ದವಾಗಿರುತ್ತದೆ, ಸಾಲಿನ ನಡುವೆ ಕುಳಿತವರು ಹೊರಬರುವಷ್ಟರಲ್ಲಿ ಅರ್ಧ ಬಿಡುವು ಮುಗಿದಿರುತ್ತದೆ. ಗಾಲಿಕುರ್ಚಿಗೆ ಮೀಸಲಾದ ಜಾಗಗಳಿಗೆ ನಕ್ಷೆಯನ್ನು ನೆಚ್ಚಿಕೊಳ್ಳದೆ ಟಿಕೆಟ್ ಕಛೇರಿಗೆ ನೇರವಾಗಿ ಫೋನ್ ಮಾಡಿ. ತಡವಾಗಿ ಬಂದವರನ್ನು ಬಿಡುವಿನವರೆಗೆ ಒಳಗೆ ಬಿಡುವುದಿಲ್ಲವೆಂಬುದನ್ನೂ ಮನೆಯವರಿಗೆಲ್ಲ ಮೊದಲೇ ಹೇಳಿಟ್ಟಿರಿ, ಏಕೆಂದರೆ ಎಷ್ಟೇ ಒಳ್ಳೆಯ ಸೀಟಿದ್ದರೂ ಮೊದಲ ಅಂಕವನ್ನು ಹೊರಗಿನ ಪರದೆಯಲ್ಲಿ ನೋಡಬೇಕಾಗುತ್ತದೆ.

ಬೇರೆ ಊರುಗಳಲ್ಲಿ ಏನು ಬದಲಾಗುತ್ತದೆ

ಮೇಲಿನ ಮಾತುಗಳಲ್ಲಿ ಹೆಚ್ಚಿನವು ಬೇರೆ ದೊಡ್ಡ ಮಂದಿರಗಳಿಗೂ ಹೊಂದುತ್ತವೆ, ಪ್ರಮಾಣ ಮಾತ್ರ ವ್ಯತ್ಯಾಸವಾಗುತ್ತದೆ. 1875ರಲ್ಲಿ ತೆರೆದ ಪ್ಯಾರಿಸಿನ ಪಾಲೆ ಗಾರ್ನಿಯೆಯಲ್ಲಿ ಸುಮಾರು 2,000 ಆಸನಗಳಷ್ಟೇ ಇರುವುದರಿಂದ ದೂರದ ಸಮಸ್ಯೆ ಕಡಿಮೆ; ಆದರೆ ಅದು ಕುದುರೆಲಾಳದ ಆಕಾರದ ಹಳೆಯ ಮಂದಿರವಾದ್ದರಿಂದ ಪಕ್ಕದ ಬಾಕ್ಸುಗಳ ಹಿಂದಿನ ಕುರ್ಚಿಗಳ ವಿಷಯದಲ್ಲಿ ಮೆಟ್‌ಗಿಂತ ಎರಡು ಪಟ್ಟು ಎಚ್ಚರ ಬೇಕು. ವಿಯೆನ್ನಾದ ಸರ್ಕಾರಿ ಒಪೆರಾದಲ್ಲಿ ನಿಂತು ನೋಡುವ ಜಾಗಗಳು ನೂರಾರಿವೆ, ನೆಲಮಟ್ಟದಲ್ಲಿ ರಂಗಕ್ಕೆ ನೇರ ಎದುರಿನಲ್ಲಿರುವ ಜಾಗಗಳಂತೂ ಕಾಲಿಗೆ ಶಕ್ತಿಯಿರುವವರಿಗೆ ಆ ಮಂದಿರದ ಉತ್ತಮ ಸ್ಥಾನಗಳಲ್ಲಿ ಸೇರಿವೆ. ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ 1876ರಲ್ಲಿ ತೆರೆದ ಉತ್ಸವ ಮಂದಿರದಲ್ಲಿ ಪಕ್ಕದ ಬಾಕ್ಸುಗಳೇ ಇಲ್ಲ, ಆಸನಗಳೆಲ್ಲ ಬೀಸಣಿಗೆಯಂತೆ ರಂಗಕ್ಕೆ ಮುಖಮಾಡಿವೆ, ವಾದ್ಯವೃಂದವೂ ಮರೆಯಲ್ಲಿದೆ. ಅಲ್ಲಿ ಯಾವ ಸೀಟು ಎನ್ನುವುದಕ್ಕಿಂತ ಟಿಕೆಟ್ ಸಿಗುವುದೇ ದೊಡ್ಡದು. ಮುಂಬೈಯಲ್ಲಿ 2016ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ತೆರೆದ ರಾಯಲ್ ಒಪೆರಾ ಹೌಸ್ ಇವೆಲ್ಲಕ್ಕಿಂತ ಬಹಳ ಚಿಕ್ಕದು, ಹಿಂದಿನ ಸಾಲಿನಿಂದಲೂ ರಂಗ ದೂರವೆನಿಸುವುದಿಲ್ಲ. ಅಲ್ಲಿ ಟಿಕೆಟ್ ಕೊಳ್ಳುವಾಗ ಅಂದಿನ ಕಾರ್ಯಕ್ರಮಕ್ಕೆ ಮೈಕು ಬಳಸುತ್ತಾರೆಯೇ ಇಲ್ಲವೇ ಎಂದು ವಿಚಾರಿಸಿಕೊಳ್ಳಿ. ಬಳಸುವುದಾದರೆ ಪೂರ್ತಿ ಕಣ್ಣಿಗೆ ಅನುಕೂಲವಾದ ಸೀಟನ್ನೇ ಆರಿಸಬಹುದು.